ಮಡಿಲಲ್ಲಿದ್ದ ಕೂಸು

ಶಾಲೆಯ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಮೇಷ್ಟ್ರು "ಒಂದು ಸೀನರಿ ಬರೀರಿ" ಅಂದರೆ ನಾವೆಲ್ಲ ಬರೆಯುತ್ತಿದ್ದದ್ದು ಒಂದೇ ಚಿತ್ರ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಹಾವಿನ ಹಾಗೆ ಇಳಿದು ಬರುವ ನದಿ, ದಂಡೆಯ ಮೇಲೊಂದು ಮನೆ, ಮನೆಗೊಂದು ತೆಂಗಿನಮರ, ನೀರಿನಲ್ಲಿ ಒಂದು ದೋಣಿ. ನಮ್ಮಲ್ಲಿ ಅರ್ಧಕ್ಕರ್ಧ ಹುಡುಗರು ದೋಣಿಯನ್ನು ಕಣ್ಣಾರೆ ಕಂಡವರೇ ಅಲ್ಲ. ಆದರೂ ದೋಣಿ ಇಲ್ಲದಿದ್ದರೆ ಸೀನರಿ ಆಗುತ್ತಿರಲಿಲ್ಲ. ಆ ದೋಣಿ ಎಲ್ಲಿಂದಲೂ ಬಂದದ್ದಲ್ಲ, ಎಲ್ಲಿಗೂ ಹೋಗುವಂಥದ್ದಲ್ಲ. ಚೆಂದಕ್ಕೆ ಅಂತ ಇರುವಂಥದ್ದು.

ಇದನ್ನು ಯಾಕೆ ನೆನೆಯುತ್ತಿದ್ದೇನೆಂದರೆ, ಇಂಪ್ರೆಷನಿಸ್ಟರ ನದಿ ಚಿತ್ರಗಳನ್ನು ನಾನು ಬಹಳ ಕಾಲ ನೋಡಿದ್ದು ಇದೇ ಕಣ್ಣಿನಿಂದ. ನೀರು, ಬಿಸಿಲು, ದೋಣಿ, ಬಿಳಿ ಉಡುಪಿನ ಹೆಂಗಸು. ಚೆಂದ ಇದೆ, ಮುಂದಿನ ಪುಟ. ಕ್ಯಾಲೆಂಡರಿನಲ್ಲಿ, ಹೋಟೆಲ್ ಕೋಣೆಯ ಗೋಡೆಯಲ್ಲಿ, ಕಾಫಿ ಮಗ್ಗಿನ ಮೇಲೆ ಇವನ್ನು ಎಷ್ಟು ಸಲ ಕಂಡಿದ್ದೇವೆಂದರೆ, ಇವುಗಳನ್ನು ನಾವು ಇನ್ನು ಮೇಲೆ ನೋಡುವುದೇ ಸಾಧ್ಯವಿಲ್ಲವೇನೋ ಅನ್ನಿಸುತ್ತದೆ. ಕ್ಲಾಡ್ ಮೋನೆ 1868ರಲ್ಲಿ ಬರೆದ, ಈಗ ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿರುವ 'ಸೇನ್ ನದಿಯ ದಂಡೆಯಲ್ಲಿ, ಬೆನ್‌ಕೂರ್' ಎಂಬ ಚಿತ್ರವನ್ನೂ ನಾನು ಇದೇ ಕಟ್ಟಿಗೆ ಸೇರಿಸಿ ಇಟ್ಟಿದ್ದೆ. ಒಂದು ಸಂಜೆ ನಮ್ಮಕ್ಕ ಕೇಳಿದ ಒಂದು ಪ್ರಶ್ನೆಯಿಂದ ಅದು ಆ ಕಟ್ಟಿನಿಂದ ಹೊರಗೆ ಬಂತು. ಅದಕ್ಕೆ ಮೊದಲು ಚಿತ್ರದಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ.

ಬಹಳ ದೊಡ್ಡ ಚಿತ್ರವಲ್ಲ. ಸುಮಾರು 81 ಸೆಂಟಿಮೀಟರ್ ಎತ್ತರ, ನೂರು ಸೆಂಟಿಮೀಟರ್ ಅಗಲ. ಮುಂಭಾಗದಲ್ಲಿ ಹುಲ್ಲಿನ ದಂಡೆ. ಅಲ್ಲಿ ಮರದ ನೆರಳಲ್ಲಿ ಒಬ್ಬ ಯುವತಿ ಕೂತಿದ್ದಾಳೆ. ಬಿಳಿ ಮೇಲುಡುಪು, ನೀಲಿ ಪಟ್ಟೆಯ ಲಂಗ, ಕಪ್ಪು ಕೂದಲು. ಮುಖ ಆ ಕಡೆಗೆ ತಿರುಗಿದೆ. ಕೆನ್ನೆಯ ಒಂದು ಅಂಚು ಬಿಟ್ಟರೆ ನಮಗೆ ಏನೂ ಕಾಣುವುದಿಲ್ಲ. ಅವಳಿಗೆ ಹತ್ತಿರದಲ್ಲೇ ದಂಡೆಗೆ ತಾಗಿಕೊಂಡು ನಿಂತ ದೋಣಿ. ಅದರೊಳಗೆ ಯಾರೂ ಇಲ್ಲ. ಅದರಾಚೆ ನದಿ, ಎದುರು ದಂಡೆಯಲ್ಲಿ ಒಂದಷ್ಟು ಮನೆ, ಹೊಳೆಯುವ ಬಿಸಿಲು. ಮೇಲಿಂದ ಮರದ ಎಲೆಗಳು ತೆರೆಯ ಹಾಗೆ ಇಳಿಬಿದ್ದು ಆ ಮನೆಗಳ ಮೇಲ್ಭಾಗವನ್ನೂ ಆಕಾಶದ ಬಹುಭಾಗವನ್ನೂ ಮುಚ್ಚಿಬಿಟ್ಟಿವೆ. ಆದರೆ ನೀರಿನಲ್ಲಿ ಮನೆಯ ಬಿಂಬ ಕಾಣುತ್ತದೆ, ಆಕಾಶದ ನೀಲಿಯೂ ಕಾಣುತ್ತದೆ.

ಇದನ್ನು ನಾನು ಮ್ಯೂಸಿಯಮ್ಮಿನವರ ಜಾಲತಾಣದಲ್ಲಿ ದೊಡ್ಡದು ಮಾಡಿಕೊಂಡು ನೋಡುತ್ತಿದ್ದಾಗ ಅಕ್ಕ ಪಕ್ಕದಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದಳು. ಯಾರಿದು ಅಂತ ಕೇಳಿದಳು. ಚಿತ್ರಕಾರನ ಜೊತೆಗಿದ್ದ ಹುಡುಗಿ, ಕಮೀಲ್ ಅಂತ, ಇನ್ನೂ ಮದುವೆ ಆಗಿರಲಿಲ್ಲ, ಆದರೆ ಆಗಲೇ ಅವರಿಗೊಂದು ಮಗು ಇತ್ತು, ಹತ್ತು ತಿಂಗಳಿನದು ಅಂತ ನನಗೆ ಗೊತ್ತಿದ್ದಷ್ಟು ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ನೋಡಿದಳು.

"ಹತ್ತು ತಿಂಗಳ ಕೂಸು ಅಂತೀಯ. ನದಿ ದಂಡೇಲಿ ಇಷ್ಟು ಆರಾಮಾಗಿ ಕೂತಿದಾಳೆ. ಕೂಸೆಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿತ್ರದಲ್ಲಿ ಇಲ್ಲದ್ದನ್ನು ಕೇಳಬಾರದು ಅನ್ನುವ ವಿಮರ್ಶೆಯ ಪಾಠವೊಂದು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಹೇಳದಿದ್ದದ್ದು ಒಳ್ಳೆಯದಾಯಿತು. ಯಾಕೆಂದರೆ ಕೂಸು ಚಿತ್ರದಲ್ಲೇ ಇತ್ತು.

ಕ್ಯಾನ್ವಾಸನ್ನು ಪರೀಕ್ಷಿಸಿದವರು ಹೇಳುವ ಪ್ರಕಾರ ಮೋನೆ ಮೊದಲು ಬರೆದಾಗ ಕಮೀಲ್‌ಳ ಮಡಿಲಲ್ಲಿ ಮಗು ಇತ್ತು. ಆಮೇಲೆ ಅದರ ಮೇಲೆ ಬಣ್ಣ ಬಳಿದ. ಈಗ ನಾವು ನೋಡುವ ಬಿಳಿ, ನೀಲಿ ಬಣ್ಣದ ಕೆಳಗೆ ಆ ಮಗು ಇದೆ.

ಚಿತ್ರ ಬರೆದ ಹೊತ್ತಿನ ಕತೆಯನ್ನು ಸ್ವಲ್ಪ ಹೇಳಬೇಕು. ಮೋನೆಗೆ ಆಗ 27 ವರ್ಷ, ಕಮೀಲ್ ದೋಂಸ್ಯೂಗೆ 21. ಇವಳನ್ನೇ ಹಸಿರು ಉಡುಪಿನಲ್ಲಿ ನಿಲ್ಲಿಸಿ ಬರೆದ ಚಿತ್ರ 1866ರ ಸಲೋನ್ ಪ್ರದರ್ಶನದಲ್ಲಿ ಹೆಸರು ಮಾಡಿತ್ತು. ಕಾದಂಬರಿಕಾರ ಎಮಿಲ್ ಜೋಲಾ ಅದನ್ನು ಹೊಗಳಿ ಬರೆದಿದ್ದ. ಮರುವರ್ಷವೇ ದೊಡ್ಡ ಚಿತ್ರ 'ತೋಟದಲ್ಲಿ ಹೆಂಗಸರು' ಸಲೋನ್‌ನಲ್ಲಿ ತಿರಸ್ಕೃತವಾಯಿತು. ಗೆಳೆಯ ಫ್ರೆಡೆರಿಕ್ ಬಾಜೀಲ್ ಅದನ್ನು 2,500 ಫ್ರಾಂಕಿಗೆ ಕೊಂಡುಕೊಂಡ. ಒಟ್ಟಿಗೆ ಕೊಡಲು ಅವನ ಹತ್ತಿರವೂ ಇರಲಿಲ್ಲ, ತಿಂಗಳಿಗೆ 50 ಫ್ರಾಂಕಿನಂತೆ ಕಂತು. ಕಮೀಲ್ ಬಸುರಿಯಾದಾಗ ಮೋನೆಯ ಮನೆಯವರು ಅವಳನ್ನು ಒಪ್ಪಲಿಲ್ಲ. 1867ರ ಆಗಸ್ಟ್ 8ರಂದು ಪ್ಯಾರಿಸಿನಲ್ಲಿ ಮಗ ಝಾನ್ ಹುಟ್ಟಿದ. ಆ ಬೇಸಿಗೆಯನ್ನು ಮೋನೆ ಕಳೆದದ್ದು ಸಮುದ್ರ ತೀರದ ಸೇಂತ್ ಅದ್ರೆಸ್‌ನಲ್ಲಿ, ತನ್ನ ಮನೆಯವರ ಜೊತೆ, ಅವರ ಅಸಮಾಧಾನ ಇನ್ನಷ್ಟು ಹೆಚ್ಚದ ಹಾಗೆ. ಅಲ್ಲಿ ಬಾವುಟ, ಹೂವು, ಹಾಯಿದೋಣಿಗಳ ಹೊಳೆಹೊಳೆಯುವ ಚಿತ್ರಗಳನ್ನು ಬರೆಯುತ್ತ, ಇತ್ತ ಕಮೀಲ್‌ಳ ಖರ್ಚಿಗೆ ಒಂದಿಷ್ಟು ಕಳಿಸು ಅಂತ ಬಾಜೀಲ್‌ಗೆ ಮೇಲಿಂದ ಮೇಲೆ ಪತ್ರ.

1868ರಲ್ಲಿ ಮೂವರೂ ಬೆನ್‌ಕೂರ್‌ಗೆ ಬಂದರು. ಪ್ಯಾರಿಸಿನಿಂದ ಸೇನ್ ನದಿಯ ಹರಿವಿನ ದಿಕ್ಕಿನಲ್ಲಿ ಹೋದರೆ ಸಿಗುವ ಹಳ್ಳಿ. ಎದುರು ದಂಡೆಯ ಬೊನಿಯೇರ್‌ಗೆ 1843ರಿಂದ ರೈಲಿತ್ತು. ಬೆನ್‌ಕೂರ್‌ಗೆ ಸೇರಿದ ಗ್ಲೋತೋನ್ ಅನ್ನುವ ಕೇರಿಯಲ್ಲಿ ಕಡಿಮೆ ಖರ್ಚಿನ ಒಂದು ತಂಗುಮನೆ ಇದೆ ಅಂತ ಹೇಳಿ ಕಳಿಸಿದವನು ಜೋಲಾ. ಅವನೂ ಸೆಝಾನನೂ ಎರಡು ವರ್ಷ ಮೊದಲು ಅಲ್ಲಿ ಬೇಸಿಗೆ ಕಳೆದಿದ್ದರು. ಕೆಲವೇ ವಾರ. ಜೂನ್ ಕೊನೆಗೆ ಮೋನೆ ಬಾಜೀಲ್‌ಗೆ ಬರೆದ ಪತ್ರದ ಪ್ರಕಾರ ಅವರನ್ನು ತಂಗುಮನೆಯಿಂದ ಉಟ್ಟ ಬಟ್ಟೆಯಲ್ಲಿ ಹೊರಗೆ ಹಾಕಿದ್ದರು. ಕಮೀಲ್‌ಗೂ ಮಗುವಿಗೂ ಹತ್ತಿರದಲ್ಲೆಲ್ಲೋ ಕೆಲವು ದಿನದ ಮಟ್ಟಿಗೆ ಆಸರೆ ಹುಡುಕಿ, ಯಾರಾದರೂ ನೆರವಾಗುತ್ತಾರೇನೋ ಅಂತ ತಾನು ಲ ಹಾವ್ರ್‌ಗೆ ಹೊರಟಿದ್ದ. ಪತ್ರದ ಕೊನೆಗೆ ಇನ್ನೊಂದು ವಿಷಯ ಸೇರಿಸಿದ್ದಾನೆ. ಹಿಂದಿನ ದಿನ ತಲೆಕೆಟ್ಟು ತಾನು ನೀರಿಗೆ ಹಾರಿದ್ದೆನೆಂದೂ, ಪುಣ್ಯಕ್ಕೆ ಏನೂ ಆಗಲಿಲ್ಲವೆಂದೂ.

ಈ ಪತ್ರವನ್ನು ಓದಿದ ಮೇಲೆ ಚಿತ್ರವನ್ನು ಮೊದಲಿನ ಹಾಗೆ ನೋಡುವುದು ಕಷ್ಟ. ಆದರೂ ಎರಡು ಎಚ್ಚರ ಬೇಕು. ಒಂದು, ಸಾಲ ಕೇಳುವ ಪತ್ರಕ್ಕೆ ಅದರದೇ ಆದ ವ್ಯಾಕರಣ ಇರುತ್ತದೆ. ಮೋನೆ ಈಜು ಬಲ್ಲ, ಸಮುದ್ರದ ಪಕ್ಕ ಬೆಳೆದ ಹುಡುಗ. ನೀರಿಗೆ ಹಾರಿದ್ದು ಎಷ್ಟು ನಿಜ, ಬಾಜೀಲ್‌ನ ಕೈ ಬೇಗ ಜೇಬಿಗೆ ಹೋಗಲಿ ಅಂತ ಬರೆದದ್ದು ಎಷ್ಟು ಅಂತ ಅಳೆಯಲು ಆಗುವುದಿಲ್ಲ. ಎರಡು, ಚಿತ್ರ ಮೊದಲು, ಪತ್ರ ಆಮೇಲೆ. ಅವಳು ಕೂತಿರುವ ಭಂಗಿಯಲ್ಲಿ ಮುಂದೆ ಬರುವ ಸಂಕಟದ ಸೂಚನೆ ಹುಡುಕುವುದು ಜ್ಯೋತಿಷ್ಯವಾಗುತ್ತದೆ, ವಿಮರ್ಶೆಯಾಗುವುದಿಲ್ಲ. ಅವತ್ತು ನಿಜಕ್ಕೂ ಬಿಸಿಲು ಚೆನ್ನಾಗಿತ್ತು, ನೀರು ತಂಪಾಗಿತ್ತು, ಅವಳಿಗೆ ಹಾಯಾಗಿತ್ತು ಅಂತ ಒಪ್ಪಿಕೊಳ್ಳುವುದಕ್ಕೆ ನಮಗೇನು ಕಷ್ಟ? ಬಡವರಿಗೂ ಒಳ್ಳೆಯ ಮಧ್ಯಾಹ್ನಗಳು ಸಿಗುತ್ತವೆ.

ಆದರೆ ಮಗುವಿನ ವಿಷಯ ಪತ್ರದಲ್ಲಿ ಇರುವಂಥದ್ದಲ್ಲ. ಅದು ಕ್ಯಾನ್ವಾಸಿನಲ್ಲೇ ನಡೆದದ್ದು. ಅದನ್ನು ಬದುಕಿನ ಗಾಳಿಸುದ್ದಿ ಅಂತ ಪಕ್ಕಕ್ಕೆ ಸರಿಸಲು ಬರುವುದಿಲ್ಲ. ಕುಂಚದಲ್ಲಿ ಮಾಡಿದ ಕೆಲಸ, ಕುಂಚದಲ್ಲೇ ಅಳಿಸಿದ ಕೆಲಸ. ಅದಕ್ಕೆ ಚಿತ್ರದೊಳಗಿಂದಲೇ ಉತ್ತರ ಹುಡುಕಬೇಕು.

ಮಡಿಲಲ್ಲಿ ಮಗು ಇರುವ ಹೆಂಗಸಿನ ಚಿತ್ರ ಯುರೋಪಿನಲ್ಲಿ ಮುಗ್ಧವಾದ ವಸ್ತುವಲ್ಲ. ಮೇರಿ ಮತ್ತು ಬಾಲ ಯೇಸುವಿನ ಸಾವಿರಾರು ಚಿತ್ರಗಳು ಅದರ ಹಿಂದೆ ಸಾಲುಗಟ್ಟಿ ನಿಂತಿವೆ. ಮಡಿಲಲ್ಲಿ ಮಗು ಬಂದ ಕೂಡಲೇ ನಮ್ಮ ಕಣ್ಣು ಅಲ್ಲಿಗೆ ಹೋಗಿ ನಿಲ್ಲುತ್ತದೆ. ಹೆಂಗಸು ತಾಯಿಯಾಗುತ್ತಾಳೆ, ನದಿ ಹಿನ್ನೆಲೆಯಾಗುತ್ತದೆ, ದೋಣಿ ಅಲಂಕಾರವಾಗುತ್ತದೆ. ಮಗು ಹೋದ ಮೇಲೆ ಏನಾಗುತ್ತದೆ ನೋಡಿ. ಅವಳ ಮಡಿಲಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಅವಳ ಮುಖವೋ ಆಗಲೇ ತಿರುಗಿದೆ, ಅಲ್ಲೂ ಕಣ್ಣಿಗೆ ನಿಲ್ಲಲು ಜಾಗವಿಲ್ಲ. ಆಗ ನಾವು ಬೇರೆ ದಾರಿಯಿಲ್ಲದೆ ಅವಳು ನೋಡುತ್ತಿರುವ ಕಡೆಗೇ ನೋಡಬೇಕಾಗುತ್ತದೆ. ಅವಳು ನೋಡಿಸಿಕೊಳ್ಳುವವಳಲ್ಲ, ನೋಡುವವಳು. ನಾವು ಅವಳ ಹಿಂದೆ ಕೂತು ಅವಳ ಹೆಗಲ ಮೇಲಿಂದ ನೀರನ್ನು ನೋಡುತ್ತೇವೆ. ಒಂದು ಇಡೀ ಚಿತ್ರ ತಾಯ್ತನದಿಂದ ನೋಟದ ಕಡೆಗೆ ತಿರುಗಿಕೊಂಡದ್ದು ಈ ಒಂದು ಅಳಿಸುವಿಕೆಯಿಂದ.

ಹಾಗಾದರೆ ಅವಳು ಏನು ನೋಡುತ್ತಿದ್ದಾಳೆ? ನಾನು ಈ ಚಿತ್ರದಲ್ಲಿ ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ.

ಎದುರು ದಂಡೆಯ ಮನೆಯನ್ನೇ ತೆಗೆದುಕೊಳ್ಳಿ. ಅದರ ಮೇಲ್ಭಾಗ ಎಲೆಗಳ ಮರೆಯಲ್ಲಿದೆ. ಆದರೆ ನೀರಿನಲ್ಲಿ ಮರೆಯಿಲ್ಲ. ಮೊದಲ ನೋಟಕ್ಕೆ ಇದು ಚಿತ್ರಕಾರನ ಚಮತ್ಕಾರ ಅನ್ನಿಸುತ್ತದೆ. ಅಲ್ಲ, ಇದು ನಿಜವಾಗಿ ಹೀಗೇ ಕಾಣುವುದು. ಕೆರೆಯ ದಂಡೆಯಲ್ಲಿ ಮರದ ಕೆಳಗೆ ನಿಂತು ನೋಡಿದವರಿಗೆ ಗೊತ್ತಿರುತ್ತದೆ: ಎದುರಿನ ಗುಡಿಯ ಗೋಪುರಕ್ಕೆ ತಲೆಯ ಮೇಲಿನ ಕೊಂಬೆ ಅಡ್ಡ ಬಂದಿದ್ದರೂ ನೀರಿನಲ್ಲಿ ಗೋಪುರ ಪೂರ್ತಿ ಕಾಣುತ್ತಿರುತ್ತದೆ. ಕಣ್ಣು ಮೇಲಕ್ಕೆ ನೋಡುವ ದಾರಿಯಲ್ಲಿ ಕೊಂಬೆ ಇದೆ, ಕೆಳಕ್ಕೆ ನೋಡುವ ದಾರಿಯಲ್ಲಿ ಇಲ್ಲ, ಅಷ್ಟೇ. ನಮ್ಮ ಸೀನರಿಗಳಲ್ಲಿ ಮನೆ ಬರೆದು, ಅದರ ಕೆಳಗೆ ಅದೇ ಮನೆಯನ್ನು ತಲೆಕೆಳಗು ಮಾಡಿ, ಸ್ವಲ್ಪ ಅಲುಗಿಸಿ ಬರೆದರೆ ಬಿಂಬವಾಯಿತು. ಬಿಂಬ ಅನ್ನುವುದು ಮನೆಯ ನಕಲು. ಮೋನೆಯ ಚಿತ್ರದಲ್ಲಿ ಹಾಗಿಲ್ಲ. ಇಲ್ಲಿ ಮನೆಗಿಂತ ಬಿಂಬಕ್ಕೆ ಹೆಚ್ಚು ಗೊತ್ತು. ದಂಡೆಯ ಮೇಲೆ ನಮಗೆ ಸಿಗದ್ದು ನೀರಿನಲ್ಲಿ ಸಿಗುತ್ತದೆ. ಆಕಾಶವನ್ನು ನೋಡಬೇಕಾದರೂ ತಲೆ ಎತ್ತಬೇಕಾಗಿಲ್ಲ, ತಗ್ಗಿಸಬೇಕು.

ಇದನ್ನು ಬರೆದ ರೀತಿಯೂ ಹಾಗೇ ಇದೆ. ಮನೆ, ಮನೆಯ ಬಿಂಬ ಎರಡಕ್ಕೂ ಒಂದೇ ಮಂದ ಬಣ್ಣ, ಒಂದೇ ಅಗಲದ ಚಪ್ಪಟೆ ಕುಂಚದ ಗುರುತು. ಗಟ್ಟಿಯಾದದ್ದು ಯಾವುದು, ಅಲುಗುವುದು ಯಾವುದು ಅಂತ ಬಣ್ಣ ಬೇರೆ ಮಾಡಿ ಹೇಳುವುದಿಲ್ಲ. ತಗಡಿನ ಟ್ಯೂಬಿನಲ್ಲಿ ತುಂಬಿದ ಬಣ್ಣ 1841ರಿಂದ ಬಳಕೆಗೆ ಬಂದಿತ್ತು. ಹೊರಗೆ ಬಯಲಲ್ಲಿ ಕೂತು ಇಷ್ಟು ದಪ್ಪವಾಗಿ, ಇಷ್ಟು ಬೇಗ ಬರೆಯುವುದು ಅದರಿಂದ ಸಾಧ್ಯವಾಯಿತು ಅಂತ ಪುಸ್ತಕಗಳು ಹೇಳುತ್ತವೆ, ಹೌದು. ಜಪಾನಿನ ಮುದ್ರಣ ಚಿತ್ರಗಳ ಪ್ರಭಾವವನ್ನೂ ಹೇಳುತ್ತವೆ, ಅದೂ ಇರಬಹುದು. ಆದರೆ ಟ್ಯೂಬು ಎಲ್ಲರ ಹತ್ತಿರವೂ ಇತ್ತು. ಕಣ್ಣಿಗೆ ಕಾಣುವ ವಸ್ತುವಿಗೆ ಎಷ್ಟು ಗೌರವವೋ ಅದರ ಬಿಂಬಕ್ಕೂ ಅಷ್ಟೇ ಗೌರವ ಅಂತ ತೀರ್ಮಾನಿಸಿದ್ದು ಟ್ಯೂಬು ಅಲ್ಲ. ಇದು 1868. ಮೋನೆ ಮತ್ತು ರೆನ್ವಾ ಅಕ್ಕಪಕ್ಕ ಕೂತು ಲಾ ಗ್ರೆನುಯೇರ್‌ನ ನೀರನ್ನು ಬರೆಯುವುದಕ್ಕೆ ಇನ್ನೂ ಒಂದು ವರ್ಷ ಇದೆ, ಪತ್ರಕರ್ತನೊಬ್ಬ ಗೇಲಿ ಮಾಡಲು ಹೋಗಿ ಇಂಪ್ರೆಷನಿಸಂ ಅನ್ನುವ ಹೆಸರನ್ನು ಚಾಲ್ತಿಗೆ ತರುವುದಕ್ಕೆ ಆರು ವರ್ಷ ಇದೆ. ಹೆಸರಿಗೆ ಮೊದಲೇ ಕೆಲಸ ನಡೆದಿದೆ.

ಚಿತ್ರದ ಎಲ್ಲ ಭಾಗವೂ ಇಷ್ಟೇ ಚೆನ್ನಾಗಿದೆ ಅಂತ ನಾನು ಹೇಳಲಾರೆ. ಮೇಲಿನ ಎಲೆಗಳ ಗುಂಪು ನನಗೆ ಅಷ್ಟು ಹಿಡಿಸುವುದಿಲ್ಲ. ಮರೆಮಾಡುವ ಕೆಲಸಕ್ಕೆ ಅಂತಲೇ ತಂದು ತೂಗುಹಾಕಿದ ಹಾಗಿದೆ. ಆದರೆ ನಡುವಿನ ಆ ನೀರು, ಆ ಒಂದು ಮೊಳ ಅಗಲದ ನೀಲಿ ಮತ್ತು ಕೆನೆಬಣ್ಣ, ಅದರ ಮುಂದೆ ನನ್ನ ತಕರಾರುಗಳು ನಿಲ್ಲುವುದಿಲ್ಲ.

ಇನ್ನು ದೋಣಿ. ಸೀನರಿಯ ದೋಣಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ತಡವಾಗಿ ಹೊಳೆಯಿತು. ಕಮೀಲ್ ಕೂತಿರುವುದು ನದಿಯ ನಡುವಿನ ನಡುಗಡ್ಡೆಯ ದಂಡೆಯಲ್ಲಿ. ಎದುರಿಗಿರುವುದು ಗ್ಲೋತೋನ್, ಅವರು ಉಳಿದುಕೊಂಡಿದ್ದ ಊರು. ಅಂದರೆ ಇಲ್ಲಿಗೆ ಬರಲು ದೋಣಿ ಬೇಕು, ಹೋಗಲೂ ದೋಣಿ ಬೇಕು. ಈ ದೋಣಿ ಚೆಂದಕ್ಕೆ ಇರುವುದಲ್ಲ, ಬಂದ ದಾರಿ ಮತ್ತು ಹೋಗುವ ದಾರಿ. ಅವಳು ನೋಡುತ್ತಿರುವುದು ದೂರದ ಯಾವುದೋ ಕನಸಿನ ಊರನ್ನಲ್ಲ, ತಾನೇ ವಾಸವಿರುವ ಊರನ್ನು. ಅಲ್ಲಿ ಬಾಡಿಗೆ ಏರುತ್ತಿದೆ. ಇಲ್ಲಿಂದ ನೋಡಿದರೆ ಆ ಊರು ಎಷ್ಟು ಹಗುರ! ನೀರಿನಲ್ಲಿ ಅಲುಗುವ ಒಂದಿಷ್ಟು ಬಣ್ಣ. ಒಂದು ಮಧ್ಯಾಹ್ನದ ಮಟ್ಟಿಗೆ, ಒಂದು ದೋಣಿಯಷ್ಟು ದೂರ. ಚಿತ್ರದಲ್ಲಿ ನೆಮ್ಮದಿ ಇದೆ ಅನ್ನುವುದಾದರೆ ಅದರ ಅಳತೆ ಇಷ್ಟು, ಇದಕ್ಕಿಂತ ಹೆಚ್ಚಿಲ್ಲ.

ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವಳು ಒಪ್ಪಲಿಲ್ಲ ಅಂತಲ್ಲ. ಆದರೆ ಅವಳ ಲೆಕ್ಕ ಬೇರೆ ಇತ್ತು. "ದೋಣೀಲಿ ಮೂರು ಜನ ಬಂದಿರಬೇಕಲ್ಲ. ಇವಳು ಇಲ್ಲಿ, ಅವನು ಚಿತ್ರ ಬರೀತಾ ಇದಾನೆ. ಹಾಗಾದ್ರೆ ಕೂಸು ಅವನ ಹತ್ರಾನೇ ಆಟ ಆಡ್ತಿರಬೇಕು, ಹಿಂದೆ." ನಾನು ನಕ್ಕೆ. ಆಮೇಲೆ ಯೋಚಿಸಿದರೆ ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಮಡಿಲಿನಿಂದ ತೆಗೆದ ಮೇಲೆ ಮಗು ಎಲ್ಲಿಗೆ ಹೋಗಬೇಕು? ಚಿತ್ರದ ಹೊರಗೆ, ಈಸಲ್ಲಿನ ಈಚೆಗೆ, ಅಂದರೆ ನಾವು ನಿಂತಿರುವ ಕಡೆಗೆ.

ಇಲ್ಲಿ ಮೋನೆಯ ಮೇಲೆ ಮೊಕದ್ದಮೆ ಹೂಡುವುದು ಸುಲಭ. ಅನೇಕರು ಹೂಡಿದ್ದಾರೆ. ತನಗೆ ಬೇಕಾದ ಬೆಳಕಿಗಾಗಿ ಹೆಂಡತಿ ಮಕ್ಕಳನ್ನು ಬಣ್ಣದ ತೇಪೆ ಮಾಡಿದವನು, ಮುಖ ತೆಗೆದ, ಮಗು ತೆಗೆದ, ಬಡತನ ತೆಗೆದ, ಉಳಿದದ್ದು ಬಿಸಿಲು. ಈ ಮೊಕದ್ದಮೆಗೆ ದೊಡ್ಡ ಸಾಕ್ಷಿಯನ್ನು ಸ್ವತಃ ಜೋಲಾ ಒದಗಿಸಿದ. 1886ರಲ್ಲಿ ಬಂದ 'ಲೂವ್ರ್' ಕಾದಂಬರಿಯಲ್ಲಿ (ಪ್ಯಾರಿಸಿನ ಮ್ಯೂಸಿಯಂ ಅಲ್ಲ, ಆ ಫ್ರೆಂಚ್ ಪದಕ್ಕೆ ಕಲಾಕೃತಿ ಅಂತ ಅರ್ಥ) ಕ್ಲೋದ್ ಅನ್ನುವ ಚಿತ್ರಕಾರ ತನ್ನ ಪ್ರೇಯಸಿಯೊಂದಿಗೆ ಹೋಗಿ ಸಂಸಾರ ಹೂಡುವುದು ಇದೇ ಬೆನ್‌ಕೂರ್‌ನಲ್ಲಿ. ಅವರ ಮಗ ಹುಟ್ಟುವುದು ಅಲ್ಲಿ. ಆ ಮಗುವನ್ನು ತಂದೆ ತಾಯಿ ಇಬ್ಬರೂ ಸರಿಯಾಗಿ ನೋಡುವುದಿಲ್ಲ. ಮುಂದೆ ಪ್ಯಾರಿಸಿನಲ್ಲಿ ಆ ಹುಡುಗ ಸತ್ತಾಗ ಕ್ಲೋದ್ ಶವದ ಮುಂದೆ ಕೂತು ಅದರ ಚಿತ್ರ ಬರೆಯುತ್ತಾನೆ, ಅದು ಸಲೋನ್‌ಗೆ ಹೋಗುತ್ತದೆ. ಕ್ಲೋದ್‌ನಲ್ಲಿ ಸೆಝಾನ್, ಮಾನೆ, ಮೋನೆ ಎಲ್ಲರ ತುಣುಕುಗಳಿವೆ. ಕಾದಂಬರಿ ಓದಿ ಮೋನೆ ಕಸಿವಿಸಿಗೊಂಡ. ನಮ್ಮ ವಿರೋಧಿಗಳು ಇದನ್ನು ಬಳಸಿಕೊಳ್ಳುತ್ತಾರೆ ಅನ್ನುವ ಆತಂಕವನ್ನು ಜೋಲಾಗೇ ಬರೆದು ತಿಳಿಸಿದ.

ಕಸಿವಿಸಿಗೆ ಅವನಿಗೆ ಇನ್ನೊಂದು ಕಾರಣವೂ ಇದ್ದಿರಬೇಕು. ಅಷ್ಟು ಹೊತ್ತಿಗೆ ಅವನು ಅಂಥದ್ದೊಂದು ಚಿತ್ರವನ್ನು ನಿಜವಾಗಿ ಬರೆದಿದ್ದ. 1879ರ ಸೆಪ್ಟೆಂಬರ್ 5ರಂದು, ಇದೇ ಸೇನ್ ದಂಡೆಯ ವೆತಾಯ್ ಎಂಬಲ್ಲಿ ಕಮೀಲ್ ತೀರಿಕೊಂಡಳು. 32 ವರ್ಷ. ಅವಳ ಹಾಸಿಗೆಯ ಪಕ್ಕದಲ್ಲಿ ಮೋನೆ ಅವಳ ಮುಖವನ್ನು ಬರೆದ. ಆ ಮುಖದ ಮೇಲೆ ನೀಲಿ, ಹಳದಿ, ಬೂದು ಬಣ್ಣಗಳು ಒಂದರ ಹಿಂದೊಂದು ಬರುತ್ತಿದ್ದದ್ದನ್ನು ತನ್ನ ಕಣ್ಣು ತನ್ನಿಂತಾನೇ ಗಮನಿಸತೊಡಗಿತ್ತು ಎಂದು ಎಷ್ಟೋ ವರ್ಷದ ಮೇಲೆ ಗೆಳೆಯ ಕ್ಲೆಮೆನ್ಸೋ ಬಳಿ ಹೇಳಿಕೊಂಡ. ಹೆಮ್ಮೆಯಿಂದ ಹೇಳಿಕೊಂಡದ್ದಲ್ಲ. ಅದು ತನಗೆ ಅಂಟಿದ ಶಾಪ ಅನ್ನುವ ಧಾಟಿಯಲ್ಲಿ. ಆ ಚಿತ್ರ ಈಗ ಪ್ಯಾರಿಸಿನ ಓರ್ಸೆ ಮ್ಯೂಸಿಯಮ್ಮಿನಲ್ಲಿದೆ. ಬೆನ್‌ಕೂರ್‌ನಲ್ಲಿ ತಿರುಗಿಕೊಂಡಿದ್ದ ಮುಖ ಅಲ್ಲಿ ಪೂರ್ತಿ ನಮ್ಮ ಕಡೆಗಿದೆ. ಕಣ್ಣು ಮಾತ್ರ ಮುಚ್ಚಿವೆ.

ಇಷ್ಟಾದರೂ ನಾನು ಆ ಮೊಕದ್ದಮೆಗೆ ಸಹಿ ಹಾಕಲಾರೆ. ಮೋನೆ ಮಗುವನ್ನು ಅಡಗಿಸಿದವನಲ್ಲ. ಹುಟ್ಟಿದ ವರ್ಷವೇ ಝಾನ್‌ನನ್ನು ತೊಟ್ಟಿಲಲ್ಲಿ ಬರೆದಿದ್ದಾನೆ. ಬೆನ್‌ಕೂರ್ ಬಿಟ್ಟ ಕೆಲವೇ ತಿಂಗಳಿಗೆ, ಗೋದಿಬೇರ್ ಎಂಬ ಲ ಹಾವ್ರ್‌ನ ಸಾಹುಕಾರನ ನೆರವಿನಿಂದ ಎತ್ರೆತಾದಲ್ಲಿ ಮನೆ ಮಾಡಿದಾಗ ಬರೆದ ದೊಡ್ಡ ಚಿತ್ರ 'ಊಟ'ದಲ್ಲಿ ಮೇಜಿನ ಮುಂದೆ ಚಮಚ ಹಿಡಿದು ಕೂತಿರುವವನು ಝಾನ್, ಅವನ ಮೇಲೆಯೇ ಬೆಳಕು. 1872ರಲ್ಲಿ ಅವನು ಮೂರು ಗಾಲಿಯ ಆಟದ ಕುದುರೆಯ ಮೇಲೆ ಕೂತಿದ್ದಾನೆ. 1875ರ ಪ್ರಸಿದ್ಧ ಕೊಡೆಯ ಚಿತ್ರದಲ್ಲಿ ಅಮ್ಮನ ಹಿಂದೆ ಹುಲ್ಲಿನಲ್ಲಿ ಸೊಂಟದವರೆಗೆ ಮುಳುಗಿ ನಿಂತಿದ್ದಾನೆ. ಮುಖ ತಿರುಗಿಸಿದ್ದೂ ಕಮೀಲ್‌ಗೆ ಮಾತ್ರ ಮಾಡಿದ ಅನ್ಯಾಯವಲ್ಲ. ಆ 1868ರಲ್ಲೇ ಗೋದಿಬೇರ್ ತನ್ನ ಹೆಂಡತಿಯ ಭಾವಚಿತ್ರ ಬರೆಸಿದ. ಹಣ ಕೊಟ್ಟು ಬರೆಸಿದ ಆ ಆಳೆತ್ತರದ ಚಿತ್ರದಲ್ಲೂ ಆ ಹೆಂಗಸಿನ ಮುಖ ಆ ಕಡೆಗೇ ತಿರುಗಿದೆ! ಸಾಹುಕಾರ ಏನಂದುಕೊಂಡನೋ. ಆ ವರ್ಷ ಮೋನೆಗೆ ಮುಖಕ್ಕಿಂತ, ಮುಖ ಯಾವ ಕಡೆಗಿದೆ ಅನ್ನುವುದು ಮುಖ್ಯವಾಗಿತ್ತು ಅಂತ ಕಾಣುತ್ತದೆ.

ಹಾಗಂತ ಅಳಿಸಿದ್ದಕ್ಕೆ ಬೆಲೆಯೇ ಇಲ್ಲ ಅನ್ನುವ ವಾದವೂ ನನ್ನದಲ್ಲ. ಮಗುವಿದ್ದ ಚಿತ್ರ ಹೇಗಿದ್ದಿರಬಹುದು ಅಂತ ನಾನು ಕಲ್ಪಿಸಿಕೊಳ್ಳಲು ಪ್ರಯತ್ನಿಸಿದ್ದೇನೆ. ಅದು ಹೆಚ್ಚು ಜನಕ್ಕೆ ಇಷ್ಟವಾಗುತ್ತಿತ್ತು, ಕೆಟ್ಟ ಚಿತ್ರವಂತೂ ಆಗುತ್ತಿರಲಿಲ್ಲ. ಆದರೆ ನೀರು ಚಿತ್ರದ ನಡುವಿಗೆ ಬರುತ್ತಿರಲಿಲ್ಲ. ನೀರು ನಡುವಿಗೆ ಬರಬೇಕಾದರೆ ಮಗು ಏಳಬೇಕಿತ್ತು. ಇದನ್ನು ಬರೆಯುವಾಗ ನನಗೇ ಸ್ವಲ್ಪ ಮುಜುಗರವಾಗುತ್ತದೆ. ಅಕ್ಕನ ಪ್ರಶ್ನೆಗೆ ಇದು ಉತ್ತರವಲ್ಲ ಅಂತಲೂ ಗೊತ್ತು. ಆದರೂ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಈಗ ಈ ಚಿತ್ರವನ್ನು ನೋಡುತ್ತೇನೆ. ಮಡಿಲಿನ ಜಾಗವನ್ನು ಪರದೆಯ ಮೇಲೆ ಎಷ್ಟು ಸಾಧ್ಯವೋ ಅಷ್ಟು ದೊಡ್ಡದು ಮಾಡಿದ್ದೇನೆ. ನೀಲಿ ಪಟ್ಟೆಗಳು ಬಿಟ್ಟರೆ ಮಗುವಿನ ಆಕಾರ ನನ್ನ ಕಣ್ಣಿಗೆ ಸಿಕ್ಕಿಲ್ಲ. ಸಿಗದಿದ್ದರೂ ಪ್ರತಿ ಸಲ ಮೊದಲು ಅಲ್ಲಿಗೇ ಹೋಗುತ್ತೇನೆ, ಆಮೇಲೆ ನೀರಿಗೆ.

ಮೋನೆ ಮುಂದೆ ಬೆನ್‌ಕೂರ್‌ಗೆ ಬಹಳ ದೂರವೇನೂ ಅಲ್ಲದ ಜಿವರ್ನಿಯಲ್ಲಿ 1883ರಿಂದ ನೆಲೆಸಿದ. ಆಗ ಸಾಲಗಾರರ ಕಾಟ ನಿಧಾನಕ್ಕೆ ಮುಗಿಯಿತು. ಬೆನ್‌ಕೂರ್‌ನ ಚಿತ್ರ ಶಿಕಾಗೊದ ಬರ್ತಾ ಪಾಮರ್ ಮತ್ತು ಅವಳ ಗಂಡನ ಸಂಗ್ರಹ ಸೇರಿ, ಅಲ್ಲಿಂದ 1922ರಲ್ಲಿ ಮ್ಯೂಸಿಯಮ್ಮಿಗೆ ಹೋಯಿತು. ಜಿವರ್ನಿಯಲ್ಲಿ ಅವನು ಕೊನೆಯ ದಶಕಗಳಲ್ಲಿ ಬರೆದ ನೈದಿಲೆಯ ಕೊಳದ ಚಿತ್ರಗಳಲ್ಲಿ ದಂಡೆಯೇ ಇಲ್ಲ, ಬರೀ ಬಿಂಬ. ಅವನ್ನು ಎಲ್ಲರೂ ಬಲ್ಲರು. ನನಗೆ ಅದಕ್ಕಿಂತ ಮೊದಲು, 1880ರ ದಶಕದ ಕೊನೆಯ ಹೊತ್ತಿಗೆ ಬರೆದ ಇನ್ನೊಂದು ಚಿತ್ರ ನೆನಪಾಗುತ್ತದೆ. ಹೆಸರು 'ದೋಣಿ', ಅಷ್ಟೇ. ಪ್ಯಾರಿಸಿನ ಮಾರ್ಮೊತಾಂ ಮ್ಯೂಸಿಯಮ್ಮಿನಲ್ಲಿದೆ. ಚಿತ್ರದ ತುಂಬ ನೀರಿನೊಳಗಿನ ಪಾಚಿ, ಜೊಂಡು, ಹರಿವಿನ ಜೊತೆ ಬಳುಕುವ ಕೂದಲಿನಂಥ ಗೀರುಗಳು. ದೋಣಿಯನ್ನು ಮೇಲಿನ ಬಲಮೂಲೆಗೆ ಒತ್ತಿಬಿಟ್ಟಿದ್ದಾನೆ, ಅದರ ಒಂದಿಷ್ಟು ಭಾಗ ಚೌಕಟ್ಟಿನ ಹೊರಗೆ ಹೋಗಿದೆ. ದಂಡೆಯಲ್ಲಿ ಕೂತವರು ಯಾರೂ ಇಲ್ಲ. ದೋಣಿಯಲ್ಲೂ ಯಾರಿಲ್ಲ.

ಅದನ್ನು ಅಕ್ಕನಿಗೆ ಇನ್ನೂ ತೋರಿಸಿಲ್ಲ.